ಅಣ್ಣನ ಬಾಯಲ್ಲಿ ಉಳಿದ ಮಾತು

ನಮ್ಮಣ್ಣ ಚಿಕ್ಕಬಸವಯ್ಯನಷ್ಟು ಮಾತುಗಾರ ಉಮ್ಮತ್ತೂರಿನಲ್ಲಿ ಇನ್ನೊಬ್ಬನಿರಲಿಲ್ಲ. ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ಓಡಾಡುವ ಖಾಸಗಿ ಬಸ್ಸಿನ ಕಂಡಕ್ಟರ್. ಟಿಕೆಟ್ ಹರಿದದ್ದಕ್ಕಿಂತ ಹರಟಿದ್ದೇ ಹೆಚ್ಚು. ಅಂಥವನಿಗೆ ಹೋದ ವರ್ಷ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ನಾವು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಆದರೆ ಅವನ ಬಾಯಲ್ಲಿ ಉಳಿದದ್ದು ಒಂದೇ ಮಾತು: 'ಬುಡು.'

ನಮ್ಮ ಕಡೆ ತಟ್ಟೆಗೆ ಸಾರು ಹಾಕು ಅನ್ನುವುದಕ್ಕೂ ಬುಡು, ಸಾಕು ನಿಲ್ಲಿಸು ಅನ್ನುವುದಕ್ಕೂ ಬುಡು. ಯಾವುದು ಯಾವುದೆಂದು ಅವನ ಮುಖ ನೋಡಿ ತಿಳಿಯಬೇಕು. ಅತ್ತಿಗೆ ಪುಟ್ಟಸಿದ್ದಮ್ಮನಿಗೆ ತಿಳಿಯುತ್ತಿತ್ತು.

ಮಾತನ್ನೂ ನುಂಗುವುದನ್ನೂ ಮರಳಿ ಕಲಿಸಲು ಆಸ್ಪತ್ರೆಯಲ್ಲಿ ರೂಪಶ್ರೀ ಎಂಬ ಹುಡುಗಿಯಿದ್ದಳು. ಅವಳು ಬಿಡಿಸಿ ಹೇಳಿದ್ದಳು: ನುಂಗುವಾಗ ಉಸಿರಿನ ದಾರಿ ಮುಚ್ಚಿಕೊಳ್ಳಬೇಕು, ಆ ಅಪ್ಪಣೆ ಮಿದುಳಿನಿಂದ ನರಗಳ ಮೂಲಕ ಗಂಟಲಿಗೆ ಬರಬೇಕು. ನಾಲಿಗೆಗೆ ಮಾತಿನ ಅಪ್ಪಣೆ ಬರುವುದೂ ಮಿದುಳಿನಿಂದಲೇ. ಅಣ್ಣನಿಗೆ ಎರಡಕ್ಕೂ ಏಟು ಬಿದ್ದಿತ್ತು. "ಗಂಟಲು ಸುಧಾರಿಸ್ತಾ ಇದೆ. ಅಲ್ಲೀವರೆಗೆ ಬಾಯಿಗೆ ಒಂದು ತೊಟ್ಟೂ ಬೇಡ, ಎಲ್ಲ ಮೂಗಿನ ಪೈಪಲ್ಲೇ. ಶ್ವಾಸಕೋಶಕ್ಕೆ ಇಳಿದ್ರೆ ಜೀವಕ್ಕೇ ಅಪಾಯ," ಅಂದಿದ್ದಳು. ಅತ್ತಿಗೆ ಅದರಂತೆಯೇ ನಡೆದಳು.

ಆಮೇಲೆ ಬಂದಳಲ್ಲ ಪುಣಜನೂರಿನಿಂದ ನಮ್ಮ ದೊಡ್ಡವ್ವ, ದೊಡ್ಡಮಲ್ಲಮ್ಮ! "ಥೂ, ಗಂಡನ್ ಬಾಯಿ ಒಣಗಿಸಿ ಮೂಗಲ್ಲಿ ಉಣ್ಸೋದಾ?" ಎಂದು ಬಂದ ಗಳಿಗೆಯಿಂದಲೇ ಅತ್ತಿಗೆಯನ್ನು ಹುರಿದು ಮುಕ್ಕಿದಳು. ಅಂಥ ನಾಲಿಗೆಗೆ ಯಾವ ರೋಗವೂ ಬರುವುದಿಲ್ಲ ನೋಡಿ.

ಮರುದಿನ ಅತ್ತಿಗೆ ಔಷಧಿ ತರಲು ಚಾಮರಾಜನಗರಕ್ಕೆ ಹೋದಳು. ನಾನು ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಒಳಗಿಂದ 'ಬುಡು, ಬುಡು' ಎಂದು ಕೇಳಿಸಿತು, ಹಿಂದೆಯೇ ಕೆಮ್ಮು. ಓಡಿ ಬಂದರೆ ಅಣ್ಣನ ಮುಖ ನೀಲಿಗಟ್ಟಿದೆ. ದೊಡ್ಡವ್ವನ ಕೈಯಲ್ಲಿ ಗಂಜಿಯ ಲೋಟ. ತಳ್ಳಲು ಹೋದ ಅವನ ಎಡಗೈ ಮೇಲೆಲ್ಲ ಗಂಜಿ ಚೆಲ್ಲಿತ್ತು.

"ಅವ್ನೇ ಬುಡು ಅಂದ ಕಣಮ್ಮಿ, ಬುಟ್ಟೆ," ಅಂದಳು.

"ನಿನ್ ಕಣ್ಣು ಇಂಗೋಗಾ! ಕೈ ತಳ್ಳಿದ್ದು ಕಾಣ್ನಿಲ್ವಾ?" ಎಂದು ಕಿರುಚಿದೆ.

ನ್ಯುಮೋನಿಯಾ ಆಯಿತು. ವಾರ ತುಂಬುವ ಮೊದಲೇ ಅಣ್ಣ ಹೋದ.

ತಿಥಿಯ ದಿನ ದೊಡ್ಡವ್ವ ನೆಂಟರ ನಡುವೆ ಕೂತು ಕಣ್ಣೊರೆಸಿಕೊಂಡಳು. "ಎಂಡ್ತಿ ಉಪ್ವಾಸ ಕೆಡುಗಿದ್ಲು. ನಾನು ಬಂದಿದ್ಕೆ ಒಂದ್ ಲೋಟ ಗಂಜಿ ಕುಡ್ದು ಓದ. ಬಾಯ್ಬುಟ್ಟು ಕೇಳ್ದ, ನನ್ನಪ್ಪ."

"ಅವ್ರು ಕೇಳ್ನಿಲ್ಲ ಕಣತ್ತೆ," ಅಂದಳು ಅತ್ತಿಗೆ. "ಬ್ಯಾಡ ಅಂದ್ರು."

ಯಾರೂ ಅವಳತ್ತ ತಿರುಗಲಿಲ್ಲ. ಎಲ್ಲರೂ ದೊಡ್ಡವ್ವನ ಮಾತಿಗೇ ತಲೆಯಾಡಿಸಿದರು. ಗಂಡನನ್ನು ಉಪವಾಸ ಕೆಡವಿದವಳು ಅಂತಲೇ ಊರಲ್ಲಿ ಈಗಲೂ ನಮ್ಮತ್ತಿಗೆಯನ್ನು ಕರೆಯುತ್ತಾರೆ.