ಐದು ಮೂಲೆಯ ಹೊದಿಕೆ

ತಗಡಿನವನು ಹೊಲಿಗೆಯಜ್ಜಿಯ ಹೊಸ್ತಿಲಿಗೆ ಮೊದಲ ಸಲ ಬಂದದ್ದು ಸತ್ತ ಹೆಂಡತಿಯ ಬಟ್ಟೆಗಳ ಗಂಟು ಹೊತ್ತುಕೊಂಡು. ಗಂಟಿನ ಮೇಲೆ ತಗಡಿನ ಅಚ್ಚೊಂದಿತ್ತು. ಐದು ಬದಿ, ಐದು ಮೂಲೆ, ಎಲ್ಲವೂ ಸರಿಸಮ.

"ಪುಟ್ಟಿಗೆ ಏನು ಹೊದಿಸಿದ್ರೂ ಒದ್ದು ಹಾಕ್ತಾಳೆ, ಅಜ್ಜಿ. ಅಮ್ಮನ ಬಟ್ಟೇನೇ ಬೇಕಂತೆ. ಚಳಿಗೆ ಕೆಮ್ಮು ಎದೆಗಿಳಿದಿದೆ. ಈ ಅಚ್ಚಿನ ಪ್ರಕಾರ ತುಂಡು ಮಾಡಿ ಹೊಲಿದುಕೊಡಿ."

"ಆರು ಮೂಲೆ ಮಾಡಪ್ಪಾ, ಜೇನುಗೂಡಿನ ಹಾಗೆ ಕೂರುತ್ತೆ. ನಾಲ್ಕಾದ್ರೂ ಸರಿ. ಐದು ಸಮನಾಗಿದ್ರೆ ಹಾಸಿಗೆ ಮೇಲೆ ಕೂರಲ್ಲ."

"ನನ್ನ ಅಚ್ಚಲ್ಲಿ ಕೂದಲೆಳೆಯಷ್ಟು ತಪ್ಪಿದ್ರೆ ಕಿವಿ ಹಿಂಡಿ. ನನ್ನವಳಿಗೆ ಮಾಡಿಕೊಟ್ಟ ಡಬ್ಬಿ ಮುಚ್ಚಳದ ಆಕಾರ ಇದು."

"ತಪ್ಪಿಲ್ಲದಿರೋದೇ ತೊಂದರೆ ಕಣಪ್ಪಾ."

ಅವನು ಕೇಳಲಿಲ್ಲ. ಬೀದಿಯ ಸೋರುವ ಕೊಡ, ಮುರಿದ ಲಾಂದ್ರ ಎಲ್ಲ ರಿಪೇರಿಗೆ ಅವನ ಕೈ ಸೇರುತ್ತಿದ್ದವು. ಏನು ಕೊಟ್ಟರೂ ಮೊದಲು ಅಂಚಿನ ಮೇಲೆ ಹೆಬ್ಬೆರಳು ಓಡಿಸುವನು. ಮಾತು ಕಡಿಮೆ, ಇಬ್ಬರ ಪಾಲಿನದನ್ನೂ ಹೆಂಡತಿಯೇ ಆಡಿಬಿಡುತ್ತಿದ್ದಳಂತೆ. ಈಗ ಅಂಗಡಿಯಲ್ಲಿ ಸುತ್ತಿಗೆಯ ಸದ್ದು ಮಾತ್ರ.

ಗಂಟಿನ ಬಟ್ಟೆಗೆ ಹನ್ನೆರಡು ತುಂಡು ಸಿಕ್ಕವು. ಅಜ್ಜಿ ಒಂದೊಂದಕ್ಕೂ ಹಳೆಯ ಕಂಬಳಿಯ ಒಳಪದರ ಕೊಟ್ಟು ಬದಿಗೆ ಬದಿ ಹೊಲಿಯುತ್ತ ಹೋದಳು. ಒಂದು ಮೂಲೆಯ ಸುತ್ತ ಮೂರು ತುಂಡು ಇಟ್ಟರೆ ಸಣ್ಣ ಸಂದು ಉಳಿಯುವುದು. ನಾಲ್ಕನೆಯದಕ್ಕೆ ಅದು ಸಾಲದು. ಸಂದನ್ನು ಎಳೆದು ಹೊಲಿದರೆ ಬಟ್ಟೆ ನೆಲ ಬಿಟ್ಟು ಏಳುವುದು. ಇಸ್ತ್ರಿಪೆಟ್ಟಿಗೆ ಒತ್ತಿದಳು. ತೆಗೆದೊಡನೆ ಅದು ಮೆಲ್ಲಗೆ, ಉಸಿರೆಳೆದುಕೊಂಡ ಹಾಗೆ, ಮತ್ತೆ ಎದ್ದಿತು. ಹನ್ನೊಂದು ಮುಗಿಯುವಷ್ಟರಲ್ಲಿ ಮಂಚದ ಮೇಲೆ ಯಾರೋ ಮುಸುಕು ಹಾಕಿಕೊಂಡು ಮುದುಡಿದಂತಿತ್ತು. ಅಜ್ಜಿಗೆ ಕಾರಣ ಗೊತ್ತು. ಗೊತ್ತಿದ್ದೂ ಅದಕ್ಕೆ ಬೆನ್ನು ಹಾಕಿ ಕೂರಲು ಮನಸ್ಸಾಗಲಿಲ್ಲ.

ಮರುದಿನ ಮಧ್ಯಾಹ್ನ ತಗಡಿನವನು ಬಂದ. ಬಾಗಿಲಲ್ಲೇ ನಿಂತುಬಿಟ್ಟ.

"ಹೀಗೇ ಮಲಗ್ತಿದ್ದಳು. ಮಂಡಿ ಮಡಚಿ."

"ಒಳಗೆ ಗಾಳಿ ಬಿಟ್ಟು ಏನೂ ಇಲ್ಲ. ಎತ್ತಿ ನೋಡು ಬಾ."

ಅವನು ಎತ್ತಲಿಲ್ಲ. ಅಂಚನ್ನು ಮುಟ್ಟಿ ಥಟ್ಟನೆ ಕೈ ಹಿಂದೆಗೆದ. "ಬೆಚ್ಚಗಿದೆ."

"ಇಸ್ತ್ರಿ ಹಾಕಿದ್ದೆ," ಎಂದಳು ಅಜ್ಜಿ. ಇಸ್ತ್ರಿ ಹಾಕಿದ್ದು ಹಿಂದಿನ ದಿನ.

ಅವಳು ಉಳಿದಿದ್ದ ಒಂದು ತುಂಡನ್ನು ಎತ್ತಿ ತೋರಿಸಿದಳು. "ಹನ್ನೆರಡನೇದು ಹಾಕಿದ್ರೆ ಬಾಯಿ ಮುಚ್ಚಿ ಚೆಂಡಾಗುತ್ತೆ. ಮಗುವಿಗೆ ಹೊದಿಸೋಕಾಗಲ್ಲ. ಎಲ್ಲ ಬಿಚ್ಚಿ, ತುಂಡುಗಳ ಎರಡೂ ಪಕ್ಕಕ್ಕೆ ಚಾಚಿರೋ ಕಿವಿ ಕತ್ತರಿಸ್ತೀನಿ. ಮಕ್ಕಳು ಬರೆಯೋ ಮನೆ ಚಿತ್ರದ ಹಾಗಾಗುತ್ತೆ, ಎರಡು ಗೋಡೆ, ಮೇಲೊಂದು ಸೂರು. ಆಗ್ಲೂ ಐದೇ ಮೂಲೆ, ಸಮ ಮಾತ್ರ ಇರಲ್ಲ. ಒಂದು ಸಾಲು ನೆಟ್ಟಗೆ, ಒಂದು ಸಾಲು ತಲೆಕೆಳಗೆ ಇಟ್ರೆ ಸಂದಿಲ್ಲದೆ ಕೂರುತ್ತೆ. ಬೇರೆ ಬಟ್ಟೆ ಇಲ್ವಲ್ಲಪ್ಪಾ, ಇದೇ ಆಗಬೇಕು."

"ಬಿಚ್ಚಿದ್ರೆ ಅವಳು..." ಎಂದ.

ಬೀದಿಯ ಆಚೆಯಿಂದ ಪುಟ್ಟಿ ಕೆಮ್ಮುವುದು ಕೇಳಿಸಿತು. ಕೆಮ್ಮು ನಿಲ್ಲುವ ತನಕ ಅವನು ಆ ಉಬ್ಬನ್ನೇ ನೋಡುತ್ತಿದ್ದ. ಆಮೇಲೆ ಕಿಟಕಿಯ ಕಟ್ಟೆಯಲ್ಲಿದ್ದ ಕತ್ತರಿಯನ್ನು ತಾನೇ ತಂದು ಅಜ್ಜಿಯ ಕೈಗಿಟ್ಟು, ಮಂಚದತ್ತ ನೋಡಿ ದನಿ ತಗ್ಗಿಸಿ ಕೇಳಿದ:

"ಮೆಲ್ಲಗೆ ಬಿಚ್ತೀರಾ, ಅಜ್ಜಿ? ಈಗಷ್ಟೇ ನಿದ್ದೆ ಹತ್ತಿದೆ ಅವಳಿಗೆ."