ಪಾಟೀಲರ ಕಿಸೆಯಲ್ಲಿ ಮೂರು ದಿನ

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ಮೊಬೈಲಿನಲ್ಲೇ ಒಳ್ಳೆಯ ಫೋಟೊ ಬರುವ ಕಾಲ ಇನ್ನೂ ಬಂದಿರಲಿಲ್ಲ. ಸೊಲ್ಲಾಪುರದಲ್ಲಿ ಕ್ಯಾಮೆರಾ ರಿಪೇರಿಯ ಅಂಗಡಿ ತೆರೆದು ನಾನು ಆಗಲೇ ಇಪ್ಪತ್ತೊಂಬತ್ತು ವರ್ಷ ಕಳೆದಿದ್ದೆ. ಮನೆತನದ ಅರಿವೆ-ಬಟ್ಟೆಯ ವ್ಯಾಪಾರ ಬಿಟ್ಟು ಸ್ಕ್ರೂಡ್ರೈವರ್ ಹಿಡಿದದ್ದಕ್ಕೆ ನನ್ನ ಸ್ವಂತ ಕಾಕಾ ಮದುವೆಯ ಪಂಕ್ತಿಯಲ್ಲಿ ಆಡಿದ ಮಾತು ಅಕ್ಷರಶಃ ನೆನಪಿದೆ, ಇಲ್ಲಿ ಬರೆಯುವುದಿಲ್ಲ.

ಆ ವರ್ಷ ಅಕ್ಕಲಕೋಟದ ಬೀಜ ಬೆಳೆಗಾರರ ಸಂಘವೊಂದು ತನ್ನ ಹನ್ನೆರಡು ಪರಿವೀಕ್ಷಕರಿಗೆ ಹೊಸ ಕಾಂಪ್ಯಾಕ್ಟ್ ಡಿಜಿಟಲ್ ಕ್ಯಾಮೆರಾ ಕೊಳ್ಳಲು ಹೊರಟಿತ್ತು. ಹೊಲದಿಂದ ಹೊಲಕ್ಕೆ ಹೋಗಿ ಬೀಜದ ಬೆಳೆಯ ಫೋಟೊ ತೆಗೆಯುವುದು ಅವರ ಕೆಲಸ. ಎರಡು ಮಾದರಿಗಳಲ್ಲಿ ಯಾವುದರ ಮೈಕಟ್ಟು ಬಾಳಿಕೆಯದು ಎಂದು ಪರೀಕ್ಷಿಸಿ ವರದಿ ಕೊಡಲು ಸಂಘದ ಚೇರಮನ್ ಪಾಟೀಲರು ನನಗೆ ಹೇಳಿಕಳಿಸಿದರು.

ಅದರ ಹಿಂದಿನ ವಾರವಷ್ಟೇ ಅದೇ ಸಂಘದ ಪರಿವೀಕ್ಷಕ ಭೀಮಾಶಂಕರ ಕೆಟ್ಟ ಕ್ಯಾಮೆರಾ ಹಿಡಿದು ನನ್ನ ಅಂಗಡಿಗೆ ಬಂದಿದ್ದ. ಬೋರಾಮಣಿಯ ಹೊಲದಲ್ಲಿ ಅದರ ಲೆನ್ಸು ಅರ್ಧ ಹೊರಬಂದು ನಿಂತುಬಿಟ್ಟಿತ್ತು. ಇವನು ಕೆಡವಿದ್ದಾನೆಂದು ತೀರ್ಮಾನಿಸಿದ ಪಾಟೀಲರು, ಹೊಸ ಕ್ಯಾಮೆರಾ ಬಂದೊಡನೆ ಇವನನ್ನು ಗೋದಾಮಿಗೆ ಹಾಕುವ ಆದೇಶ ಬರೆಸಿದ್ದರು.

“ಆಣಿ ಮಾಡಿ ಹೇಳ್ತೀನ್ರಿ ಮಾಲಕರ, ಕೆಡವಿಲ್ಲ. ಇಪ್ಪತ್ತ ವರ್ಷ ಹೊಲಾ ತಿರುಗಿದಾಂವ ನಾ. ಗೋದಾಮಿನ್ಯಾಗ ಕುಂತ್ರ ಹುಚ್ಚ ಹಿಡೀತೈತಿ.”

ಕ್ಯಾಮೆರಾದ ನಾಲ್ಕೂ ಮೂಲೆ ನೋಡಿದೆ. ಗೀರಿಲ್ಲ, ನಗ್ಗಿಲ್ಲ. ಬಿಚ್ಚಿದೆ. ಲೆನ್ಸು ಹೊರಬರುವಾಗ ಒಂದರೊಳಗೊಂದು ಸರಿಯುವ ಮೂರು ನಳಿಗೆಗಳಿರುತ್ತವೆ. ಅವುಗಳ ಸಂದಿಯಲ್ಲಿ ಬಿಳಿ ಪುಡಿ, ಕಂದು ಚೂರು. ಮೂಸಿ ನೋಡಿದೆ.

“ಇದನ್ನ ಎಲ್ಲಿ ಇಡ್ತಿ?”

ಅವನು ಎದೆಯ ಕಿಸೆಯಿಂದ ತಂಬಾಕಿನ ಚಂಚಿಯನ್ನೂ ಸುಣ್ಣದ ಡಬ್ಬಿಯನ್ನೂ ತೆಗೆದಿಟ್ಟ. “ಇವುಗಳ ಜೋಡೀನ ರೀ. ಕಿಸೆ ಒಂದ ಐತಲ್ಲ.”

ಇದನ್ನು ಹಾಗೆಯೇ ವರದಿ ಮಾಡಿದ್ದರೆ ಅವನ ತಪ್ಪಿನ ಹೆಸರು ಬದಲಾಗುತ್ತಿತ್ತೇ ಹೊರತು ಗೋದಾಮು ತಪ್ಪುತ್ತಿರಲಿಲ್ಲ. ಆದರೆ ಸಂಘದಲ್ಲಿ ಚಂಚಿ ಇಲ್ಲದ ಕಿಸೆ ಎಷ್ಟಿದ್ದೀತು? ಆ ಪುಡಿಯನ್ನು ತಾಳದ ಕ್ಯಾಮೆರಾ ಈ ಸೀಮೆಗೆ ತಕ್ಕದ್ದಲ್ಲ.

ಅಕ್ಕಲಕೋಟದ ಸಭೆಗೆ ಪುಣೆಯಿಂದ ಕನ್ನಡವನ್ನೂ ಬಲ್ಲ ಒಬ್ಬ ಮಾರಾಟ ಪ್ರತಿನಿಧಿ ಬಂದಿದ್ದ. ಎಲ್ಲರಿಗೂ ವಿಸಿಟಿಂಗ್ ಕಾರ್ಡ್ ಹಂಚಿದ, ನನಗೆ ಕೊಡಲಿಲ್ಲ. “ಹೇ ರಿಪೇರಿವಾಲೆ ಕಾಕಾ ಕಾಯ್ ಸಾಂಗಣಾರ?” ಎಂದು ಪಕ್ಕದವರ ಕಿವಿಯಲ್ಲಿ ಮರಾಠಿಯಲ್ಲಿ, ನನಗೆ ಕೇಳುವಂತೆಯೇ ಅಂದ. ರಿಪೇರಿ ಕಾಕಾ ಏನು ಹೇಳಿಯಾನು ಎಂದು ಅವನಿಗೆ ಒಂದು ವಾರದಲ್ಲಿ ತಿಳಿಯಿತು.

ಅವನ ಮೆಚ್ಚಿನ ಮಾದರಿ ನೂರ ಮೂವತ್ತೆರಡು ಗ್ರಾಂ ತೂಗಿತು. ಹೊಳೆಯುವ ಲೋಹದ ಮೈ. ಲೆನ್ಸನ್ನು ಮುಚ್ಚಲು ಎರಡು ತೆಳು ರೆಕ್ಕೆ. ಅವುಗಳ ನಡುವೆ ಕೂದಲು ತೂರುವಷ್ಟು ಸಂದು. ಎರಡನೆಯದು ನೂರ ಎಂಬತ್ತು ಗ್ರಾಂ ತೂಕದ ದಪ್ಪ ಕುಳ. ಇದರ ಲೆನ್ಸು ಹೊರಗೆ ಬರುವುದೇ ಇಲ್ಲ, ಎಲ್ಲವೂ ಒಳಗೇ ಸರಿಯುತ್ತದೆ. ಮುಂದೆ ಜಾರುವ ಮುಚ್ಚಳ, ಬ್ಯಾಟರಿಯ ಬಾಗಿಲಿಗೆ ರಬ್ಬರ್ ಅಂಚು.

“ಸಾಹೇಬ್ರ, ಒಂದೊಂದನ್ನ ಮೂರು ಮೂರು ದಿನ ನಿಮ್ಮ ಕಿಸ್ಯಾಗ ಇಟಗೋರಿ. ಉಳಿದದ್ದೆಲ್ಲಾ ದಿನಾ ಇದ್ದಂಗ ಇರ್ಲಿ,” ಎಂದು ಪಾಟೀಲರಿಗೆ ಹೇಳಿದೆ. ಸುಣ್ಣ, ತಂಬಾಕಿನ ಹೆಸರೆತ್ತಲಿಲ್ಲ. ಪ್ರತಿನಿಧಿಗೆ ನಗು ತಡೆಯಲಾಗಲಿಲ್ಲ. “ಹ್ಯಾಂಗ ಬೇಕಾದ್ರ ಬಳಸ್ರಿ,” ಎಂದು ಧಾರಾಳವಾಗಿ ಒಪ್ಪಿದ.

ಏಳನೆಯ ದಿನ ಮತ್ತೆ ಕೂಡಿದೆವು. ದಪ್ಪ ಕ್ಯಾಮೆರಾ ಮೊದಲ ಸಲಕ್ಕೇ ಚಾಲೂ ಆಯಿತು. ಹೊಳೆಯುವುದರ ಗುಂಡಿ ಒತ್ತಿದರೆ ‘ಕಿರ್ರ್’ ಎಂದು ಅರ್ಧ ಮೂತಿ ಹೊರಹಾಕಿ ನಿಂತಿತು.

ಪ್ರತಿನಿಧಿ ತಿರುಗಿಸಿ ನೋಡಿ ಅಂದ: “ಇದನ್ನ ಯಾರೋ ಕೆಡವ್ಯಾರ.”

ಪಾಟೀಲರ ಮುಖ ಕೆಂಪೇರಿತು. “ಮೂರು ದಿನ ನನ್ನ ಕಿಸ್ಯಾಗ ಇತ್ತು. ನಾ ಕೆಡವೀನೇನೋ?”

ಬಾಗಿಲಲ್ಲಿ ನಿಂತಿದ್ದ ಭೀಮಾಶಂಕರ ನೆಲ ನೋಡಿದ. ನಾನು ಬಿಳಿಯದರ ಬದಲು ಕರಿ ಕಾಗದ ಹಾಸಿ, ಏಳು ಸ್ಕ್ರೂ ಬಿಚ್ಚಿ, ನಳಿಗೆಗಳನ್ನು ಅದರ ಮೇಲೆ ತಟ್ಟಿದೆ. ಸುಣ್ಣ ಉದುರಿತು. ಪಾಟೀಲರ ಕೈ ತಾನಾಗಿಯೇ ತಮ್ಮ ಕಿಸೆಗೆ ಹೋಯಿತು. ಸಭೆಯಲ್ಲಿ ಇನ್ನೂ ನಾಲ್ಕು ಕೈಗಳು ಅದೇ ದಾರಿ ಹಿಡಿದದ್ದನ್ನು ಎಣಿಸಿದ್ದೇನೆ. ಭೀಮಾಶಂಕರನ ಕ್ಯಾಮೆರಾದಿಂದ ತೆಗೆದಿಟ್ಟಿದ್ದ ಪುಡಿಯ ಪೊಟ್ಟಣವನ್ನು ಬಿಚ್ಚಿ, ಯಾರದೆಂದು ಹೇಳಿ ಪಕ್ಕದಲ್ಲಿಟ್ಟೆ.

ಪಾಟೀಲರು ಎರಡೂ ಪುಡಿಗಳನ್ನು ಬೆರಳಿನಿಂದ ತಿಕ್ಕಿ ನೋಡಿದರು. ಆಮೇಲೆ ಹೊಟ್ಟೆ ಹಿಡಿದು ನಕ್ಕರು. “ಭೀಮಾಶಂಕರ, ಹಂಗಾದ್ರ ಗೋದಾಮಿಗೆ ನಾವಿಬ್ರೂ ಕೂಡೇ ಹೋಗಬೇಕಪಾ!” ಗುಮಾಸ್ತನಿಂದ ಆದೇಶ ತರಿಸಿ ಎಲ್ಲರೆದುರು ಹರಿದರು. “ನಾಳಿ ಬೋರಾಮಣಿಗೆ ನಡಿ. ಚಂಚಿ ಮಾತ್ರ ಬ್ಯಾರೆ ಕಡೆ ಇಡು.”

“ನೀವ ಎಲ್ಲಿ ಇಡ್ತೀರಿ ಸಾಹೇಬ್ರ? ನಾನೂ ಅಲ್ಲೇ ಇಡ್ತೀನಿ.”

ದಪ್ಪ ಕ್ಯಾಮೆರಾಗಳೇ ಬಂದವು. ಸಭೆಯ ನಡಾವಳಿಯಲ್ಲಿ ನನ್ನ ಹೆಸರಿನ ಬದಲು ‘ರಿಪೇರಿಯವರು’ ಎಂದಷ್ಟೇ ಬರೆದಿದ್ದರು. ಎರಡು ಪತ್ರ ಹಾಕಿ ಅದನ್ನು ತಿದ್ದಿಸಿದೆ. ಈ ಉದ್ಯೋಗ ನನಗೆ ಕಲಿಸಿದ್ದು ಇಷ್ಟು: ಕೈಯಲ್ಲಿ ಹಿಡಿಯುವ ವಸ್ತುವನ್ನು ಅದನ್ನು ಬಳಸುವವನ ಕಿಸೆಯಲ್ಲಿಟ್ಟೇ ಪರೀಕ್ಷಿಸಬೇಕು. ಕೆಟ್ಟಿತೆಂದರೆ, ಅವನ ಕೈಯನ್ನು ದೂರುವ ಮೊದಲು ಏಳು ಸ್ಕ್ರೂ ಬಿಚ್ಚುವಷ್ಟಾದರೂ ತಾಳ್ಮೆ ಇರಬೇಕು.