ಬಗ್ಗುವ ಗಾಡಿ

ಆ ಗಾಡಿಯ ಬಾನೆಟ್ ಎತ್ತಿ ನೋಡದೆ ಕೊಂಡವನು ನಾನು. ನರಸೀಪುರದ ನನ್ನ ಗೊಬ್ಬರದ ಅಂಗಡಿಗೆ ಬರುವ ಗಿರಾಕಿಗಳು ಇದನ್ನು ಕೇಳಿ ಇವತ್ತಿಗೂ ತಲೆ ಚಚ್ಚಿಕೊಳ್ಳುತ್ತಾರೆ. ಚಚ್ಚಿಕೊಳ್ಳಲಿ, ನನಗೇನು. ಪರದೇಶದ ಕಂಪನಿಯ ದೊಡ್ಡ ಎಸ್‌ಯುವಿ, ಹೊಸದರಲ್ಲಿ ಮಂತ್ರಿಗಳೋ ಸಿನಿಮಾದವರೋ ಕೊಳ್ಳುವಂಥದ್ದು. ನನ್ನ ಕೈಗೆ ಬರುವ ಹೊತ್ತಿಗೆ ಒಂದೂಮುಕ್ಕಾಲು ಲಕ್ಷ ಕಿಲೋಮೀಟರ್ ಓಡಿ ಮುಗಿಸಿತ್ತು. ನಾನು ಮಾಡಿದ ಪರೀಕ್ಷೆ ಒಂದೇ. ಮನೆಯಿಂದ ಒಂದು ಸ್ಟೀಲ್ ಚೊಂಬು ಒಯ್ದಿದ್ದೆ. ಅದರ ಕಂಠದವರೆಗೆ ನೀರು ತುಂಬಿ, ಹಿಂದಿನ ಸೀಟಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತು, "ಹಂಪ್ ಎಲ್ಲೆಲ್ಲಿ ಇದಾವೋ ಅಲ್ಲೇ ಓಡಿಸಯ್ಯಾ" ಎಂದು ಮಾರುವವನಿಗೆ ಹೇಳಿದೆ.

ನಂಜನಗೂಡು ದಾಟಿದ ಮೇಲೆ ಮೈಸೂರು ರಸ್ತೆಯಲ್ಲಿ ಹಳೇ ಕಾರು ಮಾರುವವನು ಅವನು. ನನ್ನನ್ನೂ ಚೊಂಬನ್ನೂ ಕನ್ನಡಿಯಲ್ಲಿ ನೋಡಿ ನೋಡಿ ನಗು ತಡೆದುಕೊಳ್ಳುತ್ತಿದ್ದ. ಗಾಡಿ ಹಂಪು ಹತ್ತಿ ಇಳಿದರೂ ನೀರು ತುಳುಕಲಿಲ್ಲ, ಪಂಚೆ ಒದ್ದೆಯಾಗಲಿಲ್ಲ. "ಸ್ಪ್ರಿಂಗ್ ಅಲ್ಲ ಸಾ ಇದ್ಕೆ, ಗಾಳಿ ತುಂಬಿದ ರಬ್ಬರ್ ಚೀಲದ್ ಮೇಲೆ ಕೂತದೆ ಬಾಡಿ. ಇನ್ನೊಂದು ನೋಡಿ ಸಾ," ಎಂದು ಗಾಡಿ ನಿಲ್ಲಿಸಿ ಒಂದು ಗುಂಡಿ ಒತ್ತಿದ. ಅಷ್ಟೆತ್ತರದ ಗಾಡಿ ಮೆಲ್ಲಗೆ ಕೆಳಗೆ ಬಗ್ಗಿತು. "ಕೈಲಾಗ್ದೋರು ಅತ್ತೋಕೆ ಅನುಕೂಲ ಆಗ್ಲಿ ಅಂತ." ಮತ್ತೆ ಒತ್ತಿದ, ಎದ್ದು ನಿಂತಿತು. ನನಗೆ ಅಲ್ಲೇ ಕಣ್ಣು ತುಂಬಿ ಬಂತು.

ನನಗೆ ಬೇಕಾಗಿದ್ದದ್ದು ನನ್ನ ಹೆಂಡತಿಯ ಬೆನ್ನು ಅಲುಗಿಸದ ಗಾಡಿ. ಅವಳಿಗೆ ಎದೆಯ ಕ್ಯಾನ್ಸರ್ ಆಗಿ, ಆಪರೇಷನ್ ಆಗಿ, ವಾಸಿಯಾಯಿತೆಂದು ನಂಜುಂಡೇಶ್ವರನ ಹರಕೆ ತೀರಿಸಿಯೂ ಆಗಿತ್ತು. ಆಮೇಲೆ ಬೆನ್ನುನೋವು ಶುರುವಾಯಿತು. ಮೈಸೂರಿನ ಡಾಕ್ಟರು ನನ್ನನ್ನೂ ಅವಳ ತಮ್ಮನನ್ನೂ ಹೊರಗೆ ಕರೆದು, ಕಾಯಿಲೆ ಬೆನ್ನುಮೂಳೆಗೆ ಇಳಿದಿದೆ, ಇನ್ನು ನೋವು ಕಡಿಮೆ ಮಾಡುವುದಷ್ಟೇ ನಮ್ಮ ಕೈಲಿರುವುದು ಎಂದರು. ನಾನೂ ಬಾಮೈದನೂ ಆಸ್ಪತ್ರೆಯ ಕಾರಿಡಾರಿನಲ್ಲೇ ನಿಂತು ಮಾತಾಡಿಕೊಂಡೆವು. ಒಳಗೆ ಹೋಗಿ ಅವಳಿಗೆ, ನರ ಒತ್ತಿಕೊಂಡಿದೆಯಂತೆ, ನಿಧಾನಕ್ಕೆ ಸರಿಹೋಗುತ್ತಂತೆ ಎಂದೆವು. "ಸರಿ ಬುಡಿ" ಎಂದಳು. ನಮ್ಮ ಕಡೆ ಇಂಥದ್ದನ್ನು ಕಾಯಿಲೆಯವರ ಮುಖಕ್ಕೆ ಯಾರೂ ಹೇಳುವುದಿಲ್ಲ.

ಅವಳ ತವರು ಹೆಮ್ಮರಗಾಲ. ಅಲ್ಲಿಗೆ ಒಂದು ಸಲ ಹೋಗಿ ಬರಬೇಕು ಎಂದಷ್ಟೇ ಅವಳು ಕೇಳಿದ್ದು. ಮಕ್ಕಳಿಲ್ಲದ ನಮ್ಮ ಮನೆಯಲ್ಲಿ ಇಷ್ಟು ವರ್ಷ ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಒಂದು ಸಲ ಬಾಡಿಗೆ ಕಾರಿನಲ್ಲಿ ಹೊರಟು, ಸುತ್ತೂರು ಮುಟ್ಟುವುದರೊಳಗೆ ವಾಪಸ್ ತಿರುಗಿಸಿದ್ದೆವು. ಪ್ರತಿ ಹಂಪಿಗೂ ಸೆರಗು ಕಚ್ಚಿಕೊಳ್ಳುತ್ತಿದ್ದಳು. ಚಕ್ರ ಒಂದು ಹಳ್ಳಕ್ಕೆ ಇಳಿದಾಗ ಕಿರುಚಿಬಿಟ್ಟಳು. ಅವಳು ಹಾಗೆ ಕಿರುಚಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಆ ರಸ್ತೆ ಮಾಡಿಸಿದವನ ವಂಶವನ್ನೆಲ್ಲ ಎಳೆದು ಬಾಯಿಗೆ ಬಂದಂತೆ ಬೈದೆ. ಡ್ರೈವರು ತನಗೇ ಬೈದೆನೆಂದು ಮುಖ ಊದಿಸಿಕೊಂಡ.

ಹಾಗಾಗಿ ಚೊಂಬು. ಬಾಮೈದ "ಒಬ್ಬ ಮೆಕ್ಯಾನಿಕ್‌ಗೆ ತೋರ್ಸಾಣ ಭಾವ" ಎಂದು ಫೋನಿನಲ್ಲಿ ಬಡಕೊಂಡಿದ್ದ. ನೀನು ಸುಮ್ಮನಿರಯ್ಯಾ ಎಂದು ಅವನ ಬಾಯಿ ಮುಚ್ಚಿಸಿದ್ದೆ. ಮಾರುವವನನ್ನು ಮಾತ್ರ, ವಾರಂಟಿ ಏನಾದರೂ ಕೊಡ್ತೀಯಾ ಎಂದು ಕೇಳಿದೆ. "ಇಷ್ಟ್ ಓಡಿರೋ ಗಾಡಿಗೆ ಯಾರ್ ಸಾ ವಾರಂಟಿ ಕೊಡ್ತಾರೆ? ಮನ್ಸಂಗೇ ಇಲ್ಲ ವಾರಂಟಿ," ಎಂದು ನಕ್ಕ. ಅದು ಅವನು ಎಲ್ಲ ಗಿರಾಕಿಗಳಿಗೂ ಹೇಳುವ ಮಾತಿರಬೇಕು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು, ಎದ್ದು ಹೋಗಿಬಿಡೋಣ ಅನ್ನಿಸಿತು. ಆದರೆ ನೀರು ತುಳುಕಿರಲಿಲ್ಲವಲ್ಲ. ಕೊಂಡುಬಿಟ್ಟೆ. ನಂಜನಗೂಡಿನ ಗುಡಿ ಮುಂದೆ ಪೂಜೆ ಮಾಡಿಸಿ, ಚಕ್ರಕ್ಕೆ ನಿಂಬೆಹಣ್ಣು ಕೊಟ್ಟು, ವಿಭೂತಿ ಬಳಿಸಿಕೊಂಡು ನರಸೀಪುರಕ್ಕೆ ತಂದೆ.

ಮಾರನೆಯ ಬೆಳಿಗ್ಗೆ ಬಾಗಿಲು ತೆಗೆದವನು ನಿಂತಲ್ಲೇ ನಿಂತೆ. ಗಾಡಿ ಬಗ್ಗಿತ್ತು. ನಾನು ಗುಂಡಿ ಒತ್ತಿರಲಿಲ್ಲ, ಬೀಗದ ಕೈ ನನ್ನ ಅಂಗಿ ಜೇಬಿನಲ್ಲೇ ಇತ್ತು. ಅದೂ ಹೇಗೆ ಬಗ್ಗಿತ್ತು ಅಂತೀರಿ! ಎಡಗಡೆಯ ಹಿಂಬದಿ ಮಾತ್ರ, ಸರಿಯಾಗಿ ಅವಳು ಹತ್ತಬೇಕಾದ ಬಾಗಿಲ ಹತ್ತಿರ, ಕೋಲೆ ಬಸವ ಮಂಡಿ ಊರಿದ ಹಾಗೆ. ಅವಳನ್ನು ಮೆಲ್ಲಗೆ ಕರೆತಂದು ಕೂರಿಸಿದೆ. ಕಾಲು ಎತ್ತುವ ಕಷ್ಟವೇ ಇರಲಿಲ್ಲ. ಸ್ಟಾರ್ಟ್ ಮಾಡಿದ ಮೇಲೆ ಗಾಡಿ ಅವಳನ್ನು ಹೊತ್ತು ನಿಧಾನಕ್ಕೆ ಎದ್ದು ನಿಂತಿತು. "ಅಯ್ ಶಿವನೇ, ನೋಡ್ರೀ, ಗಾಡಿಗಿರೋ ಮರ್ವಾದಿ ನಿಮ್ಗಿಲ್ಲ," ಎಂದಳು. ತುಂಬ ದಿನದ ಮೇಲೆ ನಕ್ಕಿದ್ದಳು.

ಅವತ್ತಿನಿಂದ ದಿನಾ ಬೆಳಿಗ್ಗೆ ಅದು ಬಗ್ಗಿಯೇ ಇರುತ್ತಿತ್ತು. ನಾನು ಬೀದಿಗೆಲ್ಲ ಸಾರಿಕೊಂಡು ಬಂದೆ. "ಕಂಪ್ಯೂಟರ್ ಗಾಡಿ ಕಣ್ರೀ. ಯಾರು ಹತ್ತುತ್ತಾರೆ, ಯಾವ ಕಡೆ ಹತ್ತುತ್ತಾರೆ, ಎಲ್ಲ ಕಲಿತುಕೊಂಡಿದೆ," ಎಂದು ಅಂಗಡಿಯಲ್ಲಿ ಕೂತು ಭಾಷಣ ಬಿಗಿದೆ. ಬೆಳಿಗ್ಗೆ ಹಾಲು ತರುವವರು ನಿಂತು ನೋಡಿ ಹೋಗುತ್ತಿದ್ದರು. ಎದುರು ಮನೆಯ ಅಜ್ಜಿ ಅದರ ಹಣೆಗೆ ಕುಂಕುಮವನ್ನೇ ಇಟ್ಟಳು. ಹೆಂಡತಿ ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿ ನನ್ನ ಬಡಾಯಿ ಕೇಳಿಸಿಕೊಳ್ಳುತ್ತಿದ್ದಳು, ಏನೂ ಅನ್ನುತ್ತಿರಲಿಲ್ಲ.

ಮೈಸೂರಿನ ಆಸ್ಪತ್ರೆಗೆ ಅದರಲ್ಲೇ ಹೋಗಿ ಬಂದೆವು. ಅವಳು ದಾರಿಯಲ್ಲಿ ನಿದ್ದೆಹೋಗುತ್ತಿದ್ದಳು. ಹಂಪಿನ ಮೇಲೆ ಹತ್ತಿಸುವಾಗ ಕನ್ನಡಿಯಲ್ಲಿ ನೋಡುತ್ತಿದ್ದೆ. ಸೆರಗು ಹೆಗಲ ಮೇಲೇ ಇರುತ್ತಿತ್ತು, ಬಾಯಲ್ಲಿ ಇರುತ್ತಿರಲಿಲ್ಲ. ಅಷ್ಟು ಸಾಕು ಎನ್ನಿಸುತ್ತಿತ್ತು. ಒಂದು ದಿನ ಅವಳೇ, "ಇವತ್ತು ನೋವು ಕಮ್ಮಿ ಅದೆ, ನಾಳೀಕೆ ಊರಿಗೆ ಓಗ್ಬುಡಾಣ ಕಣ್ರೀ," ಎಂದಳು. ಬಾಮೈದನಿಗೆ ಫೋನ್ ಮಾಡಿದೆ. ಅವನ ಹೆಂಡತಿ ಅವಳಿಗೆಂದು ಅವರೇಕಾಳು ಬಿಡಿಸಲು ಕೂತಳಂತೆ.

ಬೆಳಿಗ್ಗೆ ಬೇಗ ಹೊರಟೆವು. ಸುತ್ತೂರು ದಾಟಿತು, ನಂಜನಗೂಡು ದಾಟಿತು. ಬದನವಾಳಿನ ಹತ್ತಿರ, ಒಂದು ಗಳಿಗೆ ನಿಲ್ಲಿಸಿ, ಕಾಲು ಜೋಮು ಹಿಡಿದಿದೆ ಎಂದಳು. ಹುಣಸೆಮರದ ನೆರಳಿಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಿದೆ. ಅವಳ ಕಾಲು ನೀವುತ್ತಾ ಕೂತಿದ್ದಾಗಲೇ ಗಾಡಿ ಎಡಕ್ಕೆ ಬಗ್ಗಿತು. ಇಳಿಯುತ್ತಾಳೆ ಅಂದುಕೊಂಡಿತೇನೋ ಎಂದು ನಾನು ತಮಾಷೆ ಮಾಡಿದೆ. ಅವಳು ನಗಲಿಲ್ಲ. ಆಮೇಲೆ ಸ್ಟಾರ್ಟ್ ಮಾಡಿದೆ. ಅದು ಏಳಲಿಲ್ಲ.

ಗುಂಡಿ ಒತ್ತಿದೆ, ಮತ್ತೆ ಮತ್ತೆ ಒತ್ತಿದೆ. ಆಫ್ ಮಾಡಿ ಸ್ಟಾರ್ಟ್ ಮಾಡಿದೆ. ಏಳಲೇ ಇಲ್ಲ. ಹಾಗೇ ಓಡಿಸೋಣವೆಂದು ನಾಲ್ಕು ಮಾರು ಮುಂದಕ್ಕೆ ಬಿಟ್ಟೆ, ಗಡಗಡ ಎಂದು ಕಬ್ಬಿಣಕ್ಕೆ ಕಬ್ಬಿಣ ಬಡಿಯಿತು. ಅವಳು ಅವತ್ತು ಕಿರುಚಿದ ಹಾಗೇ ಕಿರುಚಿದಳು. ನಿಲ್ಲಿಸಿ ಕೆಳಗಿಳಿದು ಚಕ್ರಕ್ಕೆ ಒದ್ದೆ, ನನ್ನ ಚಪ್ಪಲಿಯೇ ಕಿತ್ತುಹೋಯಿತು. ಮಾರಿದವನಿಗೆ ಫೋನ್ ಮಾಡಿ ಬೈದೆ ನೋಡಿ, ನನ್ನ ಆಯುಸ್ಸಿನಲ್ಲಿ ಯಾರಿಗೂ ಹಾಗೆ ಬೈದಿರಲಿಲ್ಲ. ಎಲ್ಲ ಕೇಳಿಸಿಕೊಂಡು, ಗಾಳಿ ಚೀಲ ಲೀಕಾಗಿರಬೇಕು ಸಾ, ರಾತ್ರಿಯೆಲ್ಲ ಇಳಿದದ್ದನ್ನು ದಿನಾ ತುಂಬಿಸಿ ತುಂಬಿಸಿ ಪಂಪು ಸುಟ್ಟುಹೋಗಿರ್ತದೆ ಎಂದ. "ವಾರಂಟಿ ಇಲ್ಲ ಅಂತ ಅವತ್ತೇ ಯೋಳಿದ್ನಲ್ಲಾ ಸಾ." ಹೇಳಿದ್ದು ನಿಜವೇ. ಫೋನ್ ಇಟ್ಟೆ.

ನಾನು ಬೀದಿಗೆಲ್ಲ ಸಾರಿದ್ದ ಮರ್ಯಾದೆ ಇದು. ಗಾಡಿ ಬಗ್ಗುತ್ತಿರಲಿಲ್ಲ, ಕುಸಿಯುತ್ತಿತ್ತು.

ಬಾಗಿಲು ತೆಗೆದು ಅವಳ ಹತ್ತಿರ ನೆಲದ ಮೇಲೆ ಮಂಡಿಯೂರಿ ಕೂತೆ. ಅವಳು ಫೋನಿನಲ್ಲಿ ತಮ್ಮನ ಹೆಂಡತಿಯೊಡನೆ ಮಾತು ಮುಗಿಸುತ್ತಿದ್ದಳು. "ಬರ್ವಾಗ ಮಡಿಲಕ್ಕಿ ತಂದ್ಬುಡು," ಎಂದದ್ದು ಕೇಳಿಸಿತು. ಆಮೇಲೆ ನನ್ನ ಕಡೆ ತಿರುಗಿದಳು.

"ನಂಗೆ ಗೊತ್ತಿತ್ತು ಕಣ್ರೀ."

"ಏನು ಗೊತ್ತಿತ್ತು?"

"ಅದು ಬೆಳಗಿನ ಜಾವ ಉಸ್ ಅಂತ ಗಾಳಿ ಬುಡೋದು. ಕಿಟ್ಕಿ ಪಕ್ಕ ಮನಗೋಳು ನಾನಲ್ವಾ. ಮೊದಲ್ನೇ ದಿವ್ಸದಿಂದ್ಲೂ ಕೇಳಿಸ್ಕಂಡಿದೀನಿ."

ನನಗೆ ರೇಗಿಹೋಯಿತು. "ಗೊತ್ತಿದ್ದೂ ಯಾಕೇ ಹೇಳಲಿಲ್ಲ? ಒಂದು ಮಾತು ಹೇಳಿದ್ದರೆ ಅವತ್ತೇ ರಿಪೇರಿ ಮಾಡಿಸುತ್ತಿದ್ದೆನಲ್ಲೇ!"

"ನೀವು ನಂಗೆ ಯೋಳಿದ್ರಾ?" ಎಂದಳು.

ಗಾಡಿಯ ಮಾತಲ್ಲ ಅದು. ಡಾಕ್ಟರು ಕಾರಿಡಾರಿನಲ್ಲಿ ಹೇಳಿದ ಮಾತು. ನಾನೂ ಅವಳ ತಮ್ಮನೂ ಇಷ್ಟು ತಿಂಗಳು ನರ ನರ ಎಂದುಕೊಂಡು ಬಂದದ್ದನ್ನೆಲ್ಲ ಅವಳು ಗೊತ್ತಿದ್ದೇ ಕೇಳಿಸಿಕೊಂಡಿದ್ದಳು. ನಾನು ಬಾಗಿಲಿಗೆ ತಲೆಯಾನಿಸಿ ಅತ್ತೆ. ದಾರಿಯಲ್ಲಿ ಬಸ್ಸು ಹೋಯಿತು, ಬೈಕಿನವರು ನಿಂತು ಏನಾಯ್ತಣ್ಣ ಎಂದರು. ಅವಳು ನನ್ನ ಕೂದಲಿಗೆ ಕೈ ಹಾಕಿ, "ನೀವು ಬೀದಿನಾಗೆಲ್ಲ ಎಷ್ಟು ಕುಶಿಯಾಗಿ ಯೋಳ್ಕಂಡು ತಿರುಗ್ತಿದ್ರಿ. ಎಂಗೆ ಯೋಳ್ಲಿ ಮತ್ತೆ? ಸಾಕು, ಏಳಿ, ಪಂಚೆಗೆ ಧೂಳಾಯ್ತದೆ," ಎಂದಳು.

ಬಾಮೈದನೂ ಅವನ ಹೆಂಡತಿಯೂ ಗೂಡ್ಸ್ ಆಟೋದಲ್ಲಿ ಬಂದರು. ಹಿಂದೆ ಎರಡು ಹಾಸಿಗೆ ಹಾಸಿ ತಂದಿದ್ದ. ಅವಳು ಅದನ್ನು ನೋಡಿ, ನನ್ನ ಕೈಲಾಗಲ್ಲ ಕಣೋ ಎಂದಳು. ಹಾಗಾದರೆ ನಂಜನಗೂಡಿನಿಂದ ಆಂಬುಲೆನ್ಸ್ ಕರೆಸಿ ಅದರಲ್ಲೇ ಊರಿಗೆ ಹೋಗೋಣ ಎಂದೆ ನಾನು.

"ಬ್ಯಾಡ. ಆಂಬುಲೆನ್ಸ್‌ನಾಗೆ ತವರಿಗೆ ಓದ್ರೆ ಎಣ ಬಂತು ಅಂತ ಕೇರಿಯೋರೆಲ್ಲ ಎದೆ ಬಡ್ಕಂಡು ಓಡ್ಬತ್ತಾರೆ. ನಾನು ನೆಟ್ಟಗೆ ಓಗ್ಬೇಕಿತ್ತು. ಇಲ್ಲೇ ಮಡಿಲು ತುಂಬ್ಬುಡು, ಮನೀಗೆ ಓಯ್ತೀನಿ," ಎಂದಳು ತಮ್ಮನ ಹೆಂಡತಿಗೆ.

ಆ ಹೆಣ್ಣುಮಗಳು ಬಾಯಿಗೆ ಸೆರಗು ಇಟ್ಟುಕೊಂಡಳು. "ಅತ್ತಿಗೆ, ವಸ್ಲು ದಾಟಿ ಒಳೀಕೆ ಬಂದು ಓಗೋ ಮಗಳಿಗೆ ತುಂಬೋದು ಮಡಿಲು. ದಾರೀಲಿ ಯಾರಾರೂ ತುಂಬ್ತಾರಾ? ನೀವಾರೂ ಯೋಳಿ ಅಣ್ಣ." ಹೆಂಡತಿ ಆಗಲೇ ಸೆರಗಿನ ತುದಿ ಬಿಡಿಸಿ ಮಡಿಲು ಮಾಡಿಕೊಂಡಿದ್ದಳು. ಕುಸಿದ ಗಾಡಿಯ ಬಾಗಿಲಲ್ಲಿ ನಿಂತು ತಮ್ಮನ ಹೆಂಡತಿ ತುಂಬಿದಳು: ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ, ಎಲೆ ಅಡಿಕೆ, ಅರಿಶಿನದ ಕೊಂಬು, ಹಸಿರು ರವಿಕೆ ಕಣ. ತವರಿನ ಸಿರಿ ಕಡಿಮೆಯಾಗಬಾರದೆಂದು ಮಡಿಲಕ್ಕಿಯಲ್ಲಿ ಒಂದು ಹಿಡಿಯನ್ನು ಹೊಸಿಲ ಒಳಗೇ ಹಾಕಿ ಬರುವುದು ನಮ್ಮ ಕಡೆಯ ಪದ್ಧತಿ. ಹೊಸಿಲೆಲ್ಲಿತ್ತು ಅಲ್ಲಿ. ನನ್ನವಳು ಒಂದು ಹಿಡಿ ಅಕ್ಕಿ ತೆಗೆದು ತಮ್ಮನ ಬೊಗಸೆಗೆ ಹಾಕಿ, "ಓಗಿ ಅಪ್ಪನ ಮನೆ ವಸ್ಲೊಳೀಕೆ ಆಕು ಕಣೋ," ಎಂದಳು. ಅವನು ಆ ಬೊಗಸೆ ಬಿಚ್ಚದೆ, ಕಣ್ಣೊರೆಸಿಕೊಳ್ಳಲೂ ಆಗದೆ, ನಮ್ಮನ್ನು ನರಸೀಪುರಕ್ಕೆ ವಾಪಸ್ ಒಯ್ಯಲು ಕರೆಸಿದ ಆಂಬುಲೆನ್ಸ್ ಬರುವವರೆಗೂ ಹಾಗೇ ನಿಂತಿದ್ದ.

ಉಳಿದ ಅಕ್ಕಿಯನ್ನು ಮನೆಯಲ್ಲಿ ಅನ್ನ ಮಾಡಿಸಿದಳು. ಎರಡು ತುತ್ತು ತಿಂದು, ನಮ್ಮೂರ ನೀರಿನಲ್ಲಿ ಬೇಯಿಸಿದ ಹಾಗಿಲ್ಲ ಎಂದಳು. ದೀಪಾವಳಿ ಬರುವುದರೊಳಗೆ ಹೋಗಿಬಿಟ್ಟಳು. ನಮ್ಮಲ್ಲಿ ಕೂರಿಸಿಯೇ ಮಣ್ಣು ಮಾಡುವುದು. ವಿಭೂತಿ ಹಚ್ಚಿ, ಹೂ ಮುಡಿಸಿ ಕೂರಿಸಿದಾಗ ಬೆನ್ನು ನೆಟ್ಟಗಿತ್ತು. ಎಷ್ಟೋ ತಿಂಗಳಿಂದ ಅವಳು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ. ನೋವಿಲ್ಲದೆ ಕೂತಿದಾಳೆ ಎಂದು ಬಾಮೈದನಿಗೆ ಹೇಳಿದೆ. ಅವನು ನನ್ನನ್ನು ಹಿಡಿದುಕೊಂಡ.

ಗಾಡಿಯನ್ನು ಎಳೆಸಿಕೊಂಡು ಬಂದು ಮನೆ ಮುಂದೆ ನಿಲ್ಲಿಸಿದ್ದೆ, ರಿಪೇರಿ ಮಾಡಿಸಲಿಲ್ಲ. ಮಾಡಿಸಿ ಯಾರನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ? ಮೊನ್ನೆ ಅದನ್ನು ನೋಡಲು ಚಾಮರಾಜನಗರದ ಕಡೆಯವನೊಬ್ಬ ಬಂದ. ಮದುವೆಗಳಿಗೆ ಬಾಡಿಗೆಗೆ ಬಿಡುವವನಂತೆ. ನನ್ನ ಮನೆಯ ವಿಚಾರ ಅವನಿಗೆ ಗೊತ್ತಿರಲಿಲ್ಲ. ಸುತ್ತು ಹಾಕಿ ನೋಡಿ, ಎಡಗಡೆ ಬಂದು ನಿಂತ.

"ಯಾಕಣ್ಣ ಇಂಗೆ ಒಂದ್ ಕಡೀಕೆ ಕೂತದೆ?"

ಚೀಲ ತೂತಾಗಿದೆ, ಪಂಪು ಸುಟ್ಟಿದೆ, ಎಲ್ಲವನ್ನೂ ಹೇಳಿಯೇ ಕೊಡಬೇಕು ಎಂದುಕೊಂಡಿದ್ದೆ. ಬಾಯಿಗೆ ಬಂದದ್ದೇ ಬೇರೆ.

"ನಮ್ಮನೆಯವಳು ಹತ್ತಲಿ ಅಂತ ಬಗ್ಗಿದೆ," ಎಂದೆ.

ಅವನು ತೆರೆದಿದ್ದ ಮನೆಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಅಮ್ಮಾವ್ರು ಎಲ್ಲಿಗಾರೂ ಒರಟವ್ರಾ?"

"ತವರಿಗೆ."

"ಅಯ್ಯೋ, ಮೊದ್ಲೇ ಯೋಳ್ಬಾರ್ದಾ ಅಣ್ಣ. ಓಗ್ಬರ್ಲಿ ಬುಡಿ ಪಾಪ. ನಾನು ಇನ್ನೊಂದಿನ ಬತ್ತೀನಿ."

ಆಗಲಿ ಎಂದೆ. ಅವನು ಹೋದ ಮೇಲೆ, ಸಂಜೆಯವರೆಗೂ ಗೇಟು ಹಾಕಲಿಲ್ಲ.